ಅಯ್ಯನವರಿಗೆಂದು ಇಟ್ಟ ಪಂಚೆಗಳು

ಹೆಗ್ಗನಹಳ್ಳಿ
ಮೇ ೧೪, ಬುಧವಾರ

ಚಿ. ಸೌ. ಅನಘಾಳಿಗೆ ಅವ್ವನ ಆಶೀರ್ವಾದಗಳು. ಕೂಸಿಗೆ ಮುತ್ತು.

ಈಗ ಸಂಜೆ ಆರೂವರೆ. ಕರೆಂಟು ಈಗಷ್ಟೇ ಬಂತು. ಬೆಳಿಗ್ಗೆಯಿಂದ ಪಡಸಾಲೆಯ ಕೆಸರು ಬಳಿದು ಹಾಕುವುದರಲ್ಲೇ ದಿನ ಹೋಯಿತು. ಸೊಂಟ ನೆಟ್ಟಗೆ ನಿಲ್ಲುತ್ತಿಲ್ಲ. ಚೆನ್ನಾಗಿದ್ದೇನೆ ಎಂದು ಫೋನಿನಲ್ಲಿ ಹೇಳಿದೆ, ಅದು ನಿಜವೇ. ಆದರೆ ಒಂದು ಮಾತು ಬಾಯಿಗೆ ಬರಲಿಲ್ಲ. ಅಪ್ಪ ತೀರಿಕೊಂಡು ವರ್ಷ ತುಂಬುವ ಬರುವ ಸೋಮವಾರ, ಗಣಾರಾಧನೆಗೆ ಬರುವ ಜಂಗಮ ಅಯ್ಯನವರಿಗೆ ಕೊಡಲೆಂದು ನೀನು ಕಳಿಸಿದ್ದ ಐದು ಪಂಚೆಗಳು ಈಗ ಇಲ್ಲ. ನಾನೇ ಹರಿದೆ.

ಅಪ್ಪ ಹೋದಾಗ, ಬಸುರಿ ಮಣ್ಣಿಗೆ ಬರಬಾರದೆಂದು ಹಿರಿಯರು ನಿನ್ನನ್ನು ತಡೆದರು. ಮುಖ ನೋಡಲು ಆಗಲಿಲ್ಲ, ಇದಾದರೂ ನನ್ನ ಕಡೆಯಿಂದ ಸಲ್ಲಲಿ ಎಂದು ಪಂಚೆ ಕಳಿಸುವಾಗ ನೀನು ಹೇಳಿದ್ದೆ. ಅದು ಗೊತ್ತಿದ್ದೂ ಹರಿದೆ.

ನಿನ್ನೆ ಸಂಜೆಯ ಗಾಳಿಮಳೆಗೆ ಹಿಂದಿನ ಬೀದಿಯ ಶೆಡ್ಡುಗಳ ತಗಡುಗಳು ಕಿತ್ತು ಜನರ ಮೇಲೆ ಬಿದ್ದವು. ಕೈ, ತಲೆ, ಭುಜ ಕೊಯ್ದುಕೊಂಡವರೆಲ್ಲ ಮೂಲೆಯ ನಾಗಭೂಷಣ್ ಡಾಕ್ಟರ ಕ್ಲಿನಿಕ್ಕಿಗೆ ಬಂದರು. ರಸ್ತೆಗೆ ಮರ ಬಿದ್ದು ಆಂಬುಲೆನ್ಸ್ ಬರುವಂತಿರಲಿಲ್ಲ. ಕ್ಲಿನಿಕ್ಕಿಗೂ ನೀರು ನುಗ್ಗಿ ಕೆಳಗಿನ ಕಪಾಟಿನ ಹತ್ತಿ, ಬ್ಯಾಂಡೇಜು ಕೆಸರಾಗಿತ್ತು. ಮೇಲಿನದು ಬೇಗ ಮುಗಿಯಿತು. ಔಷಧಿ ಅಂಗಡಿಗಳೂ ನೀರಿನಲ್ಲಿ.

ಡಾಕ್ಟರು ನಮ್ಮ ಬಾಗಿಲಿಗೇ ಬಂದರು. "ಆಂಟಿ, ಹತ್ತಿ ಬಟ್ಟೆ ಏನಿದ್ರೂ ಕುದಿಸಿ ಕೊಡಿ. ಪಾಲಿಸ್ಟರ್ ಬೇಡ."

ನನ್ನ ಸೀರೆಗಳೆಲ್ಲ ಪಾಲಿಸ್ಟರ್. ಎರಡು ದಿಂಬಿನ ಕವರು ಸಿಕ್ಕವು, ಸಾಲಲಿಲ್ಲ. ಆಮೇಲೆ ಟ್ರಂಕು ತೆಗೆದೆ. ಪಂಚೆಗಳನ್ನು ಕುದಿಸಿ, ಹಿಂಡಿ, ಇಸ್ತ್ರಿಗೆ ಕರೆಂಟಿಲ್ಲದ್ದರಿಂದ ರೊಟ್ಟಿ ಹಂಚಿನ ಮೇಲೆ ಒಣಗಿಸಿ ಹರಿದೆ. ಒಂದೊಂದು ಹರಿಯುವಾಗಲೂ "ಇದು ನನ್ನ ಮಗಳದು" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ನಗಬೇಡ, ಗಾಯವಾದವರಲ್ಲಿ ನಮ್ಮ ಶಿವಯೋಗಿ ಅಯ್ಯನವರೂ ಇದ್ದರು. ಹಣೆಯ ಮೇಲೆ ಹೊಲಿಗೆ ಬಿತ್ತು. ಯಾವ ಬಟ್ಟೆ ಎಂದು ಕೇಳಿದರು, ಹೇಳಿದೆ. "ಅಲ್ಲ ತಾಯಿ, ಸೋಮವಾರ ಕೊಡೋದನ್ನ ಇವತ್ತೇ ತಲೆಗೆ ಸುತ್ತಿಬಿಟ್ಟೆಯಲ್ಲ! ಇನ್ನು ಪ್ರಸಾದಕ್ಕೆ ಬಂದ್ರೆ ಆಯ್ತು," ಎಂದು ನಕ್ಕು, ನೋವಿಗೆ ಮುಖ ಹಿಂಡಿದರು.

ಕೊನೆಗೆ ಉಳಿದವನು ಪಕ್ಕದ ಮನೆಯ ನಾಗೇಂದ್ರ. ಮುಂಗೈಯಿಂದ ಮೊಣಕೈವರೆಗೆ ಸೀಳಿತ್ತು. ಬಟ್ಟೆ ಮುಗಿದಿತ್ತು. ಹೊಲಿಗೆಯ ಮೇಲೆ ಡಾಕ್ಟರು ಅವನ ಹೆಂಡತಿ ಕುಸುಮಾಳ ನೈಲಾನ್ ವೇಲನ್ನೇ ಸುತ್ತಿದರು. "ಆಂಟಿ, ಮದ್ವೆಗೆ ಹಾಕ್ಕೊಳೋ ವೇಲ್ ಇದು, ರಕ್ತ ಆದ್ರೆ ಇವ್ಳು ಇನ್ನೊಂದು ಕೈನೂ ಮುರೀತಾಳೆ," ಎಂದ. ಕುಸುಮಾ "ಸುಮ್ನಿರ್ರೀ" ಎಂದು ಅತ್ತಳು. ಇವತ್ತು ಮಧ್ಯಾಹ್ನ ನೋಡಿದೆ, ವೇಲು ಒದ್ದೆಯಾಗಿ ಗಾಯಕ್ಕೆ ಅಂಟಿದೆ, ಕೈ ಬಾತಿದೆ. ಬೆವರು ಹೀರದ ಬಟ್ಟೆ ಕೀವಿಗೆ ದಾರಿ ಎಂದು ಡಾಕ್ಟರಿಗೆ ಚಿಂತೆ.

ಸೋಮವಾರ ಬರಿಗೈಯಲ್ಲೇ ಅಯ್ಯನವರ ಪಾದಕ್ಕೆ ಎರಗುತ್ತೇನೆ. ನಿನಗೆ ಸಿಟ್ಟು ಬಂದರೆ ಬೈ ತಾಯಿ, ಮಾತು ಮಾತ್ರ ಬಿಡಬೇಡ.

ನಿನ್ನ ಅವ್ವ,
ಹೊನ್ನವ್ವ

ತಾ.ಕ.: ಮನೆಯಲ್ಲಿ ಇನ್ನೊಂದು ಪಂಚೆ ಇತ್ತು. ಆಸ್ಪತ್ರೆಗೆ ಹೋದ ದಿನ ಅಪ್ಪ ಬಿಚ್ಚಿಟ್ಟದ್ದು. ನಾನು ಒಗೆದಿರಲಿಲ್ಲ. ಈ ವರ್ಷವೆಲ್ಲ ಅದನ್ನು ತಲೆಯ ಕೆಳಗಿಟ್ಟುಕೊಂಡೇ ಮಲಗಿದೆ. ವಿಭೂತಿಯ ವಾಸನೆ, ಎಲೆಅಡಿಕೆಯ ವಾಸನೆ ಹೋಗಿರಲಿಲ್ಲ. ನಾಗೇಂದ್ರನ ಸರದಿ ಬಂದಾಗ ಡಾಕ್ಟರು "ಇನ್ನೇನಾದ್ರೂ ಇದೆಯಾ ಆಂಟಿ?" ಎಂದು ಕೇಳಿದರು. ಇಲ್ಲ ಎಂದೆ. ಶುಕ್ರವಾರದವರೆಗೆ ಬ್ಯಾಂಡೇಜು ಬರುವುದಿಲ್ಲವಂತೆ. ಪಂಚೆ ಈಗ ಒಲೆಯ ಮೇಲೆ ಕುದಿಯುತ್ತಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾಗೇಂದ್ರನ ಕಟ್ಟು ಬದಲಿಸುತ್ತಾರೆ.