ಸಭೆಯೊಳಗೆ ಉಳಿದವನು

ಫೆಬ್ರವರಿ 4, ಬೆಳಿಗ್ಗೆ

ಎರಡನೇ ಮೋಟರ್ ಮತ್ತೆ ಬಿಸಿ. ನಿಲ್ಲಿಸಿ, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟೆ. ನನಗೆ ಸೆಕೆ, ಮೋಟರಿಗೆ ಗಾಳಿ. ಎಂಜಿನಿಯರಿಗೆ ಹೇಳಿ ಹೇಳಿ ಬಾಯಿ ಒಣಗಿತು. "ಬರೆದುಕೊಡಿ ಮೇಡಂ" ಅನ್ನುತ್ತಾನೆ. ಹಿಂದೆ ಬರೆದುಕೊಟ್ಟದ್ದು ಅವನ ಟೀ ಲೋಟದ ಕೆಳಗಿದೆ.

ಪಂಪ್‌ಹೌಸಿನ ಕಿಟಕಿಯಾಚೆ ಕೆರೆ. ಊರು ಕುಡಿಯುವ ನೀರು. ಆಚೆ ದಡಕ್ಕೆ ಎಣ್ಣೆಯ ಪೈಪು ಬಂದು ನಿಂತಿದೆ. ಬಂದರಿನಿಂದ ಅಲ್ಲಿಯವರೆಗೆ ಹೂತು ಮುಚ್ಚಿಯಾಯಿತು, ಎಣ್ಣೆ ಇನ್ನೂ ಬಿಟ್ಟಿಲ್ಲ. ಇನ್ನು ಕೆರೆಯ ಅಡಿಗೆ ನುಗ್ಗಬೇಕು. ಅದಕ್ಕೆ ಮುಂದಿನ ತಿಂಗಳು ಸಾರ್ವಜನಿಕ ಸಭೆಯಂತೆ. ಜನರ ಅಹವಾಲು ಕೇಳುತ್ತಾರಂತೆ. ಹೆಣ ಹೂಳಿದ ಮೇಲೆ ನಾಡಿ ಹಿಡಿಯುವ ವೈದ್ಯರು.

ಆಚೆ ದಡದಲ್ಲಿ ಹೊಸ ದೀಪದ ಕಂಬ ನೆಟ್ಟಿದ್ದಾರೆ. ಹಗಲೂ ಉರಿಯುತ್ತದೆ.

ಫೆಬ್ರವರಿ 7, ಸಂಜೆ

ಹೋರಾಟ ಸಮಿತಿಯ ಸಭೆ. ಟ್ಯಾಂಕರ್ ಲಾರಿ ಯೂನಿಯನ್ನಿನ ತಗಡಿನ ಶೆಡ್ಡು. ಮೇಷ್ಟ್ರು ಅಧ್ಯಕ್ಷರು, ನಾನು ಕಾರ್ಯದರ್ಶಿ, ಮೀಸೆ ಯೂನಿಯನ್ ಲೀಡರ್. ಪೈಪು ಬಂದರೆ ಅವನ ಲಾರಿಗಳ ಚಕ್ರ ನಿಲ್ಲುತ್ತದೆ. ಅದಕ್ಕೇ ನಮ್ಮ ಜೊತೆ. ಗೊತ್ತಿದ್ದೇ ಸೇರಿಸಿಕೊಂಡೆವು, ಹೊಳೆ ದಾಟುವಾಗ ದೋಣಿಯ ಜಾತಕ ಕೇಳುತ್ತಾರೆಯೇ?

ನಮ್ಮ ಎಮ್ಮೆಲ್ಲೆ ಮಹಾಶಯ ಕಳೆದ ವರ್ಷ ನಮ್ಮ ಪೆಂಡಾಲಿಗೆ ಬಂದು "ನನ್ನ ಎದೆ ಮೇಲೆ ಪೈಪು ಹಾಯಿಸಲಿ" ಅಂದಿದ್ದ. ಆಗ ವಿರೋಧ ಪಕ್ಷ. ಈಗ ಮಂತ್ರಿ. ಇವತ್ತಿನ ಪೇಪರಿನಲ್ಲಿ ಪೈಪಿಗೆ ಒರಗಿ ನಿಂತಿದ್ದಾನೆ. ಪೈಪು ಬಂದರೆ ಎಣ್ಣೆ ಅಗ್ಗ, ಮನೆಗೊಂದು ಕೆಲಸವಂತೆ.

ಮೀಸೆ ಓದಿ ನಕ್ಕ. "ಎದೆ ಸಣ್ಣದಿತ್ತು ಕಣಕ್ಕ, ಪೈಪು ದಪ್ಪ ಆಯ್ತು. ಅವರ ತಪ್ಪೇನಿದೆ?"

ಫೆಬ್ರವರಿ 9

ಭಾನುವಾರ. ತಮ್ಮ ಊಟಕ್ಕೆ ಬಂದ. ಕಂಪನಿಯಲ್ಲಿ ವೆಲ್ಡರ್. ಆ ಪೈಪಿನ ಎಷ್ಟೋ ಬೆಸುಗೆ ಇವನ ಕೈಯದೇ. ತಟ್ಟೆ ಮುಂದಿಟ್ಟ ಕೂಡಲೇ ಜಗಳ ಶುರು.

"ಭಾವನ್ನ ಸುಟ್ಟಿದ್ದು ಪೈಪಲ್ಲಕ್ಕ, ಲಾರಿ. ಟ್ಯಾಂಕರ್ ಬಂದು ಅವರಿದ್ದ ಬಸ್ಸಿಗೆ ಗುದ್ದಿದ್ದು ಮರೆತ್ಯಾ? ಆ ಲಾರಿಯವರ ಶೆಡ್ಡಲ್ಲೇ ಕೂತು ಪೈಪು ಬೇಡ ಅಂತೀಯಲ್ಲ."

"ಲಾರಿ ಗುದ್ದಿದ್ರೆ ಒಂದು ಬಸ್ಸು. ಕೆರೆಗೆ ಎಣ್ಣೆ ಇಳಿದ್ರೆ ಇಡೀ ಊರು" ಎಂದೆ. ಕೈ ತೊಳೆಯುವಾಗ ತಾನಾಗಿಯೇ ಹೇಳಿದ:

"ಒಂದು ವಿಷಯ ಐತೆ. ಬೆಸುಗೆ ಹಾಕಿದ್ಮೇಲೆ ಒಂದೊಂದಕ್ಕೂ ಎಕ್ಸ್‌ರೇ ತೆಗೀಬೇಕು. ಕೆರೆ ಕಡೆ ಕೊನೇ ತುಂಡಲ್ಲಿ ಚೆನ್ನಾಗಿರೋ ಒಂದಕ್ಕೆ ತೆಗೆದು, ಎಲ್ಲಕ್ಕೂ ಅದನ್ನೇ ತೋರಿಸಿದ್ರು. ಒಬ್ಬನ ಎದೆ ಎಕ್ಸ್‌ರೇ ತೋರಿಸಿ ಊರಿಗೇ ಕ್ಷಯ ಇಲ್ಲ ಅಂದಂಗೆ."

"ಸಭೇಲಿ ಹೇಳ್ತೀಯಾ?"

"ಪೈಪು ಬೇಡ ಅಂತ ಹೇಳಲ್ಲ. ಕಳ್ಳ ಬೆಸುಗೆ ಬೇಡ ಅಂತೀನಿ."

"ಅಷ್ಟೇ ಹೇಳು."

ಟೋಪಿ ತಿರುಗಿಸುತ್ತಾ ಕೂತ. ಹೆಂಡತಿಗೆ ಹೇಳಬೇಡ ಅಂದ.

ಫೆಬ್ರವರಿ 23

ತಮ್ಮ ಒಪ್ಪಿದ. ಮೇಷ್ಟ್ರಿಗೂ ಹೇಳಿಲ್ಲ. ನಮ್ಮಿಬ್ಬರಿಗೇ ಗೊತ್ತು.

"ಎಲ್ಲರೆದುರು ಹೇಳಿಬಿಟ್ರೆ ನನ್ನ ಯಾರೂ ಏನೂ ಮಾಡಕ್ಕಾಗಲ್ಲ. ಊರೇ ಕಿವಿ ಆಗಿರುತ್ತಲ್ಲ. ನೀವೆಲ್ಲ ಇರ್ತೀರಲ್ಲಕ್ಕ?"

"ಇರ್ತೀವಿ ಕಣೋ. ಎಲ್ಲಿಗೆ ಹೋಗ್ತೀವಿ?"

ಮಾರ್ಚ್ 6, ಸಂಜೆ

ನಿನ್ನೆ ಸಭೆ. ಬರೆಯಲೇಬೇಕು.

ಶಾಲೆಯ ದೊಡ್ಡ ಹಾಲ್. ಮುಂದಿನ ಸಾಲುಗಳಲ್ಲಿ ಕಂಪನಿ ಬಸ್ಸಿನಲ್ಲಿ ತಂದು ಕೂರಿಸಿದ ಕೆಲಸಗಾರರು. ತಮ್ಮ ಅವರ ನಡುವೆ, ಹಳದಿ ಟೋಪಿ ತೊಡೆಯ ಮೇಲೆ. ಒಮ್ಮೆ ತಿರುಗಿ ನೋಡಿದ. ಕಣ್ಣಲ್ಲೇ ಹೂಂ ಅಂದೆ. ಮೇಷ್ಟ್ರು ಮುಗಿಸಿದ ಕೂಡಲೇ ಇವನು ಏಳುವುದೆಂದು ಮಾತಾಗಿತ್ತು.

ಮೇಷ್ಟ್ರು ಮುಗಿಸಲಿಲ್ಲ. ಕಂಪನಿಯ ಮ್ಯಾನೇಜರ್—ನಾವು ನಗುಮೊಗ ಅಂತ ಕರೆಯುವವನು—"ಟೈಮಾಯ್ತು ಸಾರ್" ಎಂದು ನಗುನಗುತ್ತಲೇ ಮೈಕು ಕಿತ್ತುಕೊಂಡ. ಎಪ್ಪತ್ತು ದಾಟಿದವರ ಕೈಯಿಂದ. ವೇದಿಕೆಯ ಮೇಲಿದ್ದ ಅಧಿಕಾರಿ ಪೆನ್ನಿನ ಮುಚ್ಚಳ ನೋಡುತ್ತಿದ್ದ.

ಎದ್ದೆ. "ಈ ನಾಟಕಕ್ಕೆ" ಎಂದೆ. "ಧಿಕ್ಕಾರ" ಎಂದಿತು ಹಾಲ್. ಮೂವತ್ತು ವರ್ಷದ ಪಾಠ—ಮೈಕು ಕಿತ್ತುಕೊಂಡರೆ ಸಭೆ ಬಹಿಷ್ಕರಿಸಿ ಹೊರಡು. ಅದು ಕಾಲಿಗೇ ಗೊತ್ತು, ತಲೆಯನ್ನು ಕೇಳುವುದಿಲ್ಲ. ನಾನು ಮುಂದೆ. ಹಿಂದೆ ಊರು. ಕುರ್ಚಿಗಳು ಉರುಳಿದವು.

ಹೊರಗೆ ಅಂಗಳದಲ್ಲಿ ಗಂಟಲು ಹರಿಯುವಂತೆ ಕೂಗಿದೆವು. ಮೇಷ್ಟ್ರು ನನ್ನ ಕೈ ಹಿಡಿದುಕೊಂಡು, "ನೀನು ಎದ್ದು ನಿಂತೆಯಲ್ಲಮ್ಮ, ಅಷ್ಟು ಸಾಕು" ಎಂದರು.

ಎದ್ದು ನಿಂತೆ.

ಆಗ ನೆನಪಾಯಿತು.

ಓಡಿದೆ. ಬಾಗಿಲಿಗೆ ಒಳಗಿಂದ ಚಿಲಕ. ಕಿಟಕಿಗೆ ಹೋದೆ. ಖಾಲಿ ಕುರ್ಚಿಗಳ ಆಚೆ ತಮ್ಮ ನಿಂತಿದ್ದಾನೆ. ಮಾತಾಡುತ್ತಿದ್ದಾನೆ. ಸುತ್ತ ಅವನ ಜೊತೆಯವರೆಲ್ಲ ನೆಲ ನೋಡುತ್ತಿದ್ದಾರೆ. ನಗುಮೊಗನೊಬ್ಬನೇ ತಲೆ ಓರೆ ಮಾಡಿ, ಬಹಳ ಗಮನವಿಟ್ಟು ಕೇಳುತ್ತಿದ್ದ. ನನ್ನ ಬೆನ್ನ ಹಿಂದೆ ನಮ್ಮದೇ ಘೋಷಣೆ. ತಮ್ಮನ ಒಂದು ಮಾತೂ ಕೇಳಿಸಲಿಲ್ಲ.

ನಿನ್ನೆ ಸಂಜೆಯೇ ಅವನ ಮನೆಗೆ ಹೋದೆ. "ನಾವು ಹೊರಟ ಮೇಲೂ ಯಾಕೋ ಎದ್ದೆ ನೀನು? ಸುಮ್ಮನೆ ಕೂರಬಾರದಿತ್ತಾ?" ಎಂದೆ.

"ವಾಪಸ್ ಬರ್ತೀರ ಅಂದ್ಕೊಂಡೆ."

ಅವನ ಹೆಂಡತಿ ಒಳಗಿಂದಲೇ ಅಂದಳು, "ನಿಮ್ಮ ಹೋರಾಟಕ್ಕೆ ಮುಂದೆ ತಳ್ಳಕ್ಕೆ ನಿಮ್ಮ ತಮ್ಮನೇ ಬೇಕಿತ್ತೇನಕ್ಕ?"

ಮಾರ್ಚ್ 9

ಪೇಪರಿನಲ್ಲಿ ಬಂತು. ಸಭೆ ಯಶಸ್ವಿ. ಕೆಲವರು ಸ್ವಇಚ್ಛೆಯಿಂದ ಹೊರನಡೆದರು. ಉಳಿದವರಿಂದ ಯೋಜನೆಗೆ ವಿರೋಧವಿಲ್ಲ. ಒಬ್ಬ ಕೆಲಸಗಾರನ ಸಲಹೆಯನ್ನು ಪರಿಶೀಲಿಸಲಾಗುವುದು. ನಾವೇ ಬಾಗಿಲು ತೆರೆದು, ನಾವೇ ಹೊರಗೆ ಬಂದು, ಮನೆ ಅವರಿಗೆ ಬಿಟ್ಟುಕೊಟ್ಟೆವು. ಅದಕ್ಕೆ ಕ್ರಾಂತಿ ಎಂದು ಹೆಸರಿಟ್ಟು ಚಪ್ಪಾಳೆ ಬೇರೆ.

ಒಂದು ಮಾತು ಇಲ್ಲಿ ಮಾತ್ರ ಬರೆಯುತ್ತೇನೆ. ಪೈಪೇ ಬೇಡ—ಅದು ಸಮಿತಿಯ ಲೈನ್. ತಮ್ಮನದು ಬೇರೆ: ಹಾಕಿ, ನೆಟ್ಟಗೆ ಹಾಕಿ. ಅವನ ಮಾತು ಗೆದ್ದಿದ್ದರೆ ನಮ್ಮ ಮಾತು ಸೋಲುತ್ತಿತ್ತು. ಆ ಗಳಿಗೆಯಲ್ಲಿ ಅವನನ್ನು ಮರೆತೆನೋ... ಮರೆಸಿಕೊಂಡೆನೋ.

ಮಾರ್ಚ್ 16

ತಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಬೈಯಲೂ ಇಲ್ಲ. ನಗುಮೊಗ ಕಾರಿನಲ್ಲಿ ಮನೆಯವರೆಗೆ ಬಿಟ್ಟು ಹೋದನಂತೆ. "ನಿನ್ನಂಥೋರೇ ಕಣಯ್ಯ ಕಂಪನಿಗೆ ಬೇಕಿರೋದು" ಎಂದನಂತೆ. ಬೈದಿದ್ದರೆ ನಿದ್ದೆ ಬರುತ್ತಿತ್ತು.

ಜೊತೆಯ ವೆಲ್ಡರುಗಳು ಇವನ ಪಕ್ಕ ಊಟಕ್ಕೆ ಕೂರುತ್ತಿಲ್ಲ. ಅವನ ಮನೆಯೆದುರು ಒಬ್ಬ ಬೈಕು ನಿಲ್ಲಿಸಿಕೊಂಡು ಇರುತ್ತಾನೆ. ಏನೂ ಮಾಡುವುದಿಲ್ಲ. ಇರುತ್ತಾನೆ.

ಮೀಸೆ ಸಮಿತಿಗೆ ಬರಲಿಲ್ಲ. ಪೈಪಿನ ಕೊನೆಯಿಂದ ಊರೂರಿಗೆ ಎಣ್ಣೆ ಸಾಗಿಸುವ ಗುತ್ತಿಗೆ ಅವನ ಲಾರಿಗಳಿಗೇ ಅಂತೆ. ದಾರಿಯಲ್ಲಿ ಸಿಕ್ಕ.

"ಡ್ರೈವರುಗಳ ಮಕ್ಕಳು ಘೋಷಣೆ ತಿಂತಾರೇನಕ್ಕ?"

"ಬಿದ್ದರೂ ಮೀಸೆ ಮಣ್ಣಾಗಿಲ್ಲ ನೋಡು ನಿಂದು" ಎಂದೆ. ಮೀಸೆ ಸವರಿಕೊಂಡ. ನಗಲಿಲ್ಲ.

ಮಾರ್ಚ್ 21

ಆಚೆ ದಡದಲ್ಲಿ ಕೊನೆಯ ತುಂಡನ್ನು ಅಗೆದು ತೆರೆದಿದ್ದಾರೆ. ಇಲ್ಲಿಂದಲೇ ಕಾಣುತ್ತದೆ—ಕೆಂಪು ಮಣ್ಣು, ನಡುವೆ ಕರಿ ಪೈಪು.

ಎಂಜಿನಿಯರ್ ಖುದ್ದು ಬಂದ. ಸೋಮವಾರ ಊರಿಗೆ ನೀರು ಬಂದ್. ಪೂರ್ತಿ ಕಂಪನಿ ಲೈನಿಗೆ ಬಿಡಬೇಕು. ಯಾಕೆ ಎಂದೆ. "ನಿಮ್ಮ ತಮ್ಮನ ಕೃಪೆ ಮೇಡಂ. ಬೆಸುಗೆ ಗಟ್ಟಿ ಇದೆಯೋ ಇಲ್ವೋ ಅಂತ ಪೈಪಿಗೆ ನೀರು ತುಂಬಿ ಪ್ರೆಶರ್ ಹಾಕಿ ನೋಡ್ತಾರಂತೆ. ಎಲ್ಲ ಪಾರದರ್ಶಕ. ಅವನೂ ಇರ್ತಾನೆ."

ಗೆದ್ದೆವು ಅಂದುಕೊಂಡೆ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು.

ಮಾರ್ಚ್ 23, ಸಂಜೆ

ತಮ್ಮ ಬಂದಿದ್ದ. ಕೂರಲಿಲ್ಲ.

"ಪ್ರೆಶರ್ ಏರಿಸೋವಾಗ ಬೆಸುಗೆ ಹತ್ರ ನರಪಿಳ್ಳೆ ಇರಬಾರದು. ಬಿಚ್ಚಿಕೊಂಡ್ರೆ ಬಾಂಬೇ ಅದು. ಎಲ್ಲರನ್ನೂ ದೂರ ಕಳಿಸ್ತಾರೆ."

"ನಿನ್ನನ್ನ?"

"ಗುಂಡಿಯೊಳಗೆ ನಿಂತು ನೋಡಬೇಕಂತೆ. ದೂರು ಕೊಟ್ಟವನೇ ಕಣ್ಣಾರೆ ನೋಡಿದ್ರೆ ಆಮೇಲೆ ಮಾತಿರಲ್ಲ ಅಂದ್ರು."

"ಹೋಗಬೇಡ."

"ಹೋಗದಿದ್ರೆ ಹೇಳಿದ್ದು ಸುಳ್ಳು ಅಂತಾಗುತ್ತೆ. ಹೆದರಿ ಓಡೋದ ಅಂತಾರೆ." ಟೋಪಿ ಹಾಕಿಕೊಳ್ಳುತ್ತಾ, "ನಮ್ಮ ಕಡೆಯಿಂದ ಒಂದು ಸಲ ಎದ್ದು ಹೋಗಿದ್ದಾಯ್ತಲ್ಲಕ್ಕ."

ಚುಚ್ಚಲೆಂದು ಹೇಳಲಿಲ್ಲ. ಅದಕ್ಕೇ ಇನ್ನೂ ಹೋಗಿಲ್ಲ ಮುಳ್ಳು.

ಮಾರ್ಚ್ 24, ಬೆಳಿಗ್ಗೆ

ಅವರ ಪ್ರೆಶರ್ ಪಂಪು ನೀರೆಳೆಯುವುದು ನನ್ನ ಲೈನಿನಿಂದ. ನನ್ನ ಮೋಟರ್ ನಿಂತರೆ ಅದೂ ನಿಲ್ಲಬೇಕು.

ಬೆಳಗಿನಿಂದ ಓಡಿಸಿದೆ. ಪೈಪು ತುಂಬುತ್ತಾ ಬಂತು. ಕಿಟಕಿಯಿಂದ ನೋಡುತ್ತಿದ್ದೆ. ಜನರನ್ನು ಹಿಂದಕ್ಕೆ ಕಳಿಸಿದರು. ಪೇಪರಿನವರನ್ನು ದಿಬ್ಬದಾಚೆಗೆ ಕಳಿಸಿದರು. ನಗುಮೊಗ ಕಾರು ಹಿಂದಕ್ಕೆ ತೆಗೆಸಿದ. ಒಂದು ಹಳದಿ ಟೋಪಿ ಗುಂಡಿಗೆ ಇಳಿಯಿತು.

ಸ್ವಿಚ್ ಕೆಳಗೆ ಎಳೆದೆ. ಎರಡೂ ಮೋಟರ್. ಫ್ಯೂಸು ಕಿತ್ತು ಕಿಟಕಿಯಿಂದ ಕೆರೆಗೆ ಎಸೆದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಈ ಕೋಣೆಯಲ್ಲಿ ಸದ್ದಿಲ್ಲ.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಎಂಜಿನಿಯರ್ ಬಂದ, ಜೊತೆಗೆ ಪೊಲೀಸ್. ಸಸ್ಪೆಂಡ್ ಎಂದ. ಆಗಲಿ ಎಂದೆ. ಫೋನ್ ತೆಗೆದುಕೊಂಡರು. ಪೇದೆಯೊಬ್ಬ ಬಾಗಿಲಲ್ಲಿ ಕೂತಿದ್ದಾನೆ. "ಸಾಹೇಬ್ರು ಬರೋತನಕ ಹೊರಗೆ ಬಿಡಂಗಿಲ್ಲಮ್ಮ. ನಮ್ಮನೇಲೂ ಇವತ್ತು ನೀರಿಲ್ಲ, ನಾನೇನಂದೆ?"

ಪರವಾಗಿಲ್ಲ. ನೀರಿಲ್ಲದೆ ಪ್ರೆಶರ್ ಏರುವುದಿಲ್ಲ.

ಮಧ್ಯಾಹ್ನ

ಪಂಪ್‌ಹೌಸಿನ ಪಕ್ಕದ ದಡದ ರಸ್ತೆಯಲ್ಲಿ ಲಾರಿಗಳು. ಟ್ಯಾಂಕರ್‌ಗಳು. ಒಂದರ ಹಿಂದೆ ಒಂದು. ತೊಳೆದು, ಪ್ರೆಶರ್ ಪಂಪಿಗೆಂದು ನೀರು ತುಂಬಿ ತಂದಿದ್ದಾರೆ. ಮುಂದಿನ ಲಾರಿಯ ಬಾಗಿಲಿಗೆ ನಮ್ಮ ಸಮಿತಿಯ ಸ್ಟಿಕ್ಕರ್ ಇನ್ನೂ ಅಂಟಿಕೊಂಡಿದೆ. ಡ್ರೈವರ್ ಪಕ್ಕದಲ್ಲಿ ಮೀಸೆ. ಪಂಪ್‌ಹೌಸಿನ ಕಡೆ ತಿರುಗಲಿಲ್ಲ. ಕಿಟಕಿಯಿಂದ ತಮ್ಮನನ್ನು ಕೂಗಿದೆ. ಮೂವತ್ತು ವರ್ಷ ಕೂಗಿದ ಗಂಟಲು, ಕೆರೆ ದಾಟಲಿಲ್ಲ.

ಪ್ರತಿ ಲಾರಿಗೂ ಕಿಟಕಿ ಗಾಜು ಗಡಗಡ ಅನ್ನುತ್ತದೆ.

ಪೇದೆಗೆ ಹೇಳಿದೆ, ನನ್ನ ತಮ್ಮ ಆ ಗುಂಡಿಯಲ್ಲಿದ್ದಾನೆ, ಬಿಡಪ್ಪ, ಅವನನ್ನು ಎಳೆದುಕೊಂಡು ಬಂದುಬಿಡುತ್ತೇನೆ. ಅವನೂ ಕಿಟಕಿಗೆ ಬಂದು ನೋಡಿದ. "ಸಾಹೇಬ್ರನ್ನ ಕೇಳ್ತೀನಿ" ಎಂದು ಫೋನ್ ಹಿಡಿದು ಹೊರಗೆ ಹೋದ. ಬೀಗ ಹಾಕಿಕೊಂಡು ಹೋದ.

ಕೊನೆಯ ಲಾರಿಯೂ ಹೋಯಿತು. ರಸ್ತೆ ಖಾಲಿ. ಗುಂಡಿಯ ಅಂಚಿನಲ್ಲಿ ಹಳದಿ ಟೋಪಿ ಒಮ್ಮೆ ಮೇಲೆದ್ದಿತು, ಈ ಕಡೆ ತಿರುಗಿದಂತಿತ್ತು. ಕೈ ಬೀಸಿದೆ. ಕಂಡಿತೋ ಇಲ್ಲವೋ. ಬಗ್ಗಿತು.

ಚಪ್ಪಲಿ ಹಾಕಿಕೊಂಡೇ ಕೂತಿದ್ದೇನೆ. ಬೀಗ ತೆಗೆದ ಕೂಡಲೇ ಓಡುವುದು. ದಡದ ಮೇಲಿನ ದಾರಿ ಹತ್ತಿರ. ಗುಂಡಿಗೇ ಇಳಿಯುವುದು, ಅವನ ಪಕ್ಕ ನಿಲ್ಲುವುದು, ನಾನು ನಿಂತರೆ ಅವರು ಪಂಪು

ಗಾಜು ಅದುರಿತು. ಲಾರಿ ಇರಬೇಕು. ಇನ್ನೊಂದು ಲಾರಿ