ಪುಟ್ಟಿಯಿಂದ ಬರೆಸಿದ ಮೂಕರ್ಜಿ

ಹೊನ್ನೂರು,
೧೩-೭-೧೯೫೪, ಮಂಗಳವಾರ

ಪುಟ್ಟಮಲ್ಲಿಯ ತಂದೆಯವರಿಗೆ,

ಪಾದಾರವಿಂದಗಳಿಗೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಇಲ್ಲಿ ನಮ್ಮಣ್ಣನ ಮನೆಯಲ್ಲಿ ನಾನೂ ಮಕ್ಕಳಿಬ್ಬರೂ ಕ್ಷೇಮ. ನಿಮ್ಮ ಕ್ಷೇಮಕ್ಕೇನು ಕಡಿಮೆ, ಮಾದಪ್ಪನ ಬೆಟ್ಟ ಹತ್ತಿ ಉಘೇ ಎಂದು ಬರುತ್ತಿದ್ದೀರಿ. ನೀವು ಕೊಳ್ಳೇಗಾಲದ ಮನೆ ಸೇರುವ ಹೊತ್ತಿಗೆ ನಾವು ಇರುವುದಿಲ್ಲ, ಈ ಕಾಗದ ಇರುತ್ತದೆ. ಅತ್ತೆಯವರಿಗೆ ಎಲ್ಲ ಹೇಳಿಯೇ ಹೊರಟೆ. ಅವರು ಬೇಡ ಎನ್ನಲಿಲ್ಲ, ರೊಟ್ಟಿ ಕಟ್ಟಿಕೊಟ್ಟರು.

ಮಕ್ಕಳಿಗೆ ಉಕ್ತಲೇಖನ ಹೇಳುತ್ತಿದ್ದವಳು ನಾನು. ಮುದ್ದೆ ತೊಳಸುತ್ತ ನಾನು ಒಲೆಯ ಮುಂದೆ, ಸ್ಲೇಟು ಹಿಡಿದು ಅವರು ಹೊಸ್ತಿಲ ಮೇಲೆ. ನೀರಿನ ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುವ ಕಡೆ ಅಲ್ಪವಿರಾಮ, ಕೆಳಗಿಳಿಸುವ ಕಡೆ ಪೂರ್ಣವಿರಾಮ ಎಂದು ಕಲಿಸಿದ್ದೆ. ಚಿಕ್ಕವಳು ಗೌರಿ ಎರಡು ಪದಕ್ಕೊಮ್ಮೆ ಕೊಡ ಇಳಿಸಿಬಿಡುತ್ತಿದ್ದಳು. ಪುಟ್ಟಿಗೆ ಮಾತ್ರ ಅದು ಚೆನ್ನಾಗಿ ಹತ್ತಿತ್ತು. ನಾನು ಚಿಹ್ನೆಗಳ ಹೆಸರು ಹೇಳದಿದ್ದರೂ ದನಿ ಕೇಳಿಯೇ ಹಾಕುತ್ತಿದ್ದಳು. ಆಗೆಲ್ಲ ನೀವು ಒಂದು ದಿನವೂ ಅವಳ ಸ್ಲೇಟಿನ ಕಡೆ ತಿರುಗಿ ನೋಡಿದವರಲ್ಲ.

ಹೋದ ತಿಂಗಳು ಇದ್ದಕ್ಕಿದ್ದಂತೆ, ಪುಟ್ಟಿಗೆ ನಾನೇ ಹೇಳಿ ಬರೆಸುತ್ತೇನೆ ಎಂದಿರಿ. ನಾನೆಂಥ ಪೆದ್ದಿ! ಹಿಗ್ಗಿ ಹೀರೇಕಾಯಿಯಾಗಿ ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಸ್ಲೇಟು ಬೇಡ ಎಂದು ಬಿಳಿ ಕಾಗದ ತಂದಿರಿ, ಹೊಸ ಪೆನ್ನು ಕೊಟ್ಟಿರಿ. ಅದನ್ನೂ ಪ್ರೀತಿ ಎಂದುಕೊಂಡೆ. ತೋರಿಸಿ, ತಿದ್ದಿಕೊಡುತ್ತೇನೆ ಎಂದರೆ, "ನಾನೇ ತಿದ್ಕತೀನಿ, ನೀ ಒಳಿಕ್ ನಡಿ" ಎಂದಿರಿ. ಶಿವಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮುಂಚೆ ಆ ಕೂಸನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಬರೆಸಿದಿರಿ. ಏನು ಬರೆಸಿದಿರಿ ಎಂಬುದು ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ತಿಳಿಯಿತು.

ಅಂದು ಸಂಜೆ ಪುಟ್ಟಿ ಮೆಲ್ಲಗೆ ಬಂದು ನನ್ನ ಸೆರಗು ಹಿಡಿದು, "ಅವ್ವ, ನಡತೆಗೆಟ್ಟವಳು ಅಂದ್ರ ಏನು? ಅಪ್ಪಾಜಿ ಬರುಸ್ದ್ರಲ್ಲ, ಅದ್ನೇ ಇವತ್ತು ಇನ್‌ಸ್ಪೆಕ್ಟ್ರು ಓದುದ್ರು, ನಮ್ಮ್ ಮೇಷ್ಟ್ರಮ್ಮ ಅತ್ಬುಟ್ರು" ಎಂದಳು. ಹತ್ತು ವರ್ಷದ ಮಗಳ ಬಾಯಲ್ಲಿ ಆ ಮಾತು! ಹೆಸರಿಲ್ಲದ ಅರ್ಜಿ, ಗುರುಸಿದ್ದಮ್ಮನವರ ಮೇಲೆ. ಹನೂರಿನಿಂದ ಬಂದು, ಗಂಡ ಸತ್ತ ಮೇಲೆ ಆ ಸಂಬಳವೊಂದನ್ನೇ ನಂಬಿ ಬದುಕುತ್ತಿರುವ ಹೆಂಗಸು. ನಿಮ್ಮ ಮಗಳಿಗೆ ಅ ಆ ತಿದ್ದಿಸಿದವರು.

ನಿಮ್ಮನ್ನು ಕೇಳಿದರೆ ನೀವು ಕಣ್ಣು ಕೂಡ ತಗ್ಗಿಸಲಿಲ್ಲ. "ಕೇರಿ ಐಕಳ ನಮ್ಮ್ ಮಕ್ಕಳ ಪಕ್ಕ ಕೂರುಸ್ತಾಳ. ಎದುರ್ಗೆ ಏಳಕ್ಕಾದ್ದಾ? ಕಾನೂನು ಅಂತಾರ. ಓಗ್ಲಿ ಬುಡು, ಮಗಿನ್ ಅಕ್ಷರವ ಯಾರ್ ಗುರ್ತಿಡ್ದಾರು" ಎಂದಿರಿ. ಸಭೆಗಳಲ್ಲಿ ಖಾದಿ ಟೋಪಿ ಇಟ್ಟು ನಾವೆಲ್ಲ ಒಂದು ಎನ್ನುವವರು ನೀವೇ ತಾನೆ? ಎದುರಿಗೆ ಹೇಳಲು ಗಂಡಸುತನ ಸಾಲದೆ ಮಗಳ ಕೈಯನ್ನು ಮುಂದೆ ಮಾಡಿದಿರಿ. ಲಕೋಟೆಯ ಅಂಟನ್ನೂ ಅವಳ ನಾಲಿಗೆಯಿಂದಲೇ ಹಚ್ಚಿಸಿದಿರಂತೆ. ಅದನ್ನು ಕೇಳಿದ ಮೇಲೆ ನೀವು ಉಂಡ ತಟ್ಟೆ ತೊಳೆಯಲು ನನಗೆ ಹೇಸಿಗೆಯಾಯಿತು.

ಗುರುತು ಹಿಡಿಯದೆ ಇರುತ್ತಾರೆಯೇ? ಗುರುಸಿದ್ದಮ್ಮನವರು ಕಾಗದ ನೋಡಿದ ಕೂಡಲೇ ಕಂಡುಕೊಂಡಿದ್ದರು. ಆದರೂ ಯಾರ ಕೈಯೋ ಗೊತ್ತಿಲ್ಲ ಸಾರ್ ಎಂದುಬಿಟ್ಟರಂತೆ. ಇನ್‌ಸ್ಪೆಕ್ಟರು ಬಿಡಲಿಲ್ಲ. ಅಕ್ಷರ ಎಳೆಯದು, ಚಿಹ್ನೆಗಳಲ್ಲಿ ಒಂದೂ ತಪ್ಪಿಲ್ಲ, ಇದೇ ಶಾಲೆಯ ಮಗುವಿನದು, ಸೋಮವಾರ ಬಂದು ಎಲ್ಲರಿಗೂ ಉಕ್ತಲೇಖನ ಕೊಡುತ್ತೇನೆ ಎಂದರು. ಬರೆದವರು ಸಿಕ್ಕದಿದ್ದರೆ ಅರ್ಜಿಯನ್ನು ನಿಜವೆಂದೇ ಹಿಡಿದು ಇವರನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದೂ ಹೇಳಿ ಹೋದರು. ಆ ಹೊಲಸಿನ ನಡುನಡುವೆ ನಾನು ಕಲಿಸಿದ ಅಲ್ಪವಿರಾಮಗಳು ಒಪ್ಪವಾಗಿ ಕೂತಿದ್ದವಲ್ಲ!

ಆಮೇಲೆ ನೀವು ಮಾಡಿದ ಕೆಲಸ ಅದಕ್ಕಿಂತ ಹೀನ. ಮಗುವಿನ ಬಲಗೈ ಹೆಬ್ಬೆರಳಿಗೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಬಾಗಿಲ ಸಂದಿಗೆ ಸಿಕ್ಕಿತು ಎಂದು ಹೇಳು ಎಂದು ಬಾಯಿಪಾಠ ಮಾಡಿಸಿ, ಹರಕೆ ಎಂದು ಬೆಟ್ಟಕ್ಕೆ ನಡೆದುಬಿಟ್ಟಿರಿ. ನಾನು ಬಟ್ಟೆ ಬಿಚ್ಚಿದೆ. ಗಾಯವೆಲ್ಲಿ, ಒಂದು ಗೀರೂ ಇರಲಿಲ್ಲ. ಬಿಗಿದು ಕಟ್ಟಿದ್ದಕ್ಕೆ ಬೆರಳ ತುದಿ ಬೆಳ್ಳಗಾಗಿತ್ತು, ಅಷ್ಟೇ.

ನಿನ್ನೆ ಪುಟ್ಟಿಯನ್ನೂ ಗೌರಿಯನ್ನೂ ಕರೆದುಕೊಂಡು ಶಾಲೆಗೆ ಹೋದೆ. ಗುರುಸಿದ್ದಮ್ಮನವರು ಗೇಟಿನ ಹತ್ತಿರವೇ ನಮ್ಮನ್ನು ತಡೆದು, "ಜರ ಬಂದದ ಅಂತ ಬರ್ಕತೀನಿ, ಮಗಿನ ಕರ್ಕಂಡು ಓಗಿಬುಡ್ರವ್ವ. ನನ್ನ್ ಅಣೇಬರ ನಂಗಿರ್ಲಿ" ಎಂದರು. ಅಂಥವರನ್ನು ನೀವು ನಡತೆಗೆಟ್ಟವಳು ಎಂದು ಬರೆಸಿದಿರಿ!

ಪುಟ್ಟಿಯನ್ನು ನಾನು ಬರೆಯಲು ಕೂರಿಸಲಿಲ್ಲ. ಅಪ್ಪನನ್ನು ಹಿಡಿದುಕೊಡುವ ಕೆಲಸವನ್ನೂ ಅದೇ ಕೈಯಿಂದ ಮಾಡಿಸಿದರೆ ನಿಮಗೂ ನನಗೂ ಏನು ವ್ಯತ್ಯಾಸ? ಅವಳನ್ನು ಹೊರಗೆ ಗೌರಿಯ ಜೊತೆ ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋದೆ. ಬರೆದದ್ದು ನನ್ನ ಮಗಳು, ಅರ್ಥವೂ ತಿಳಿಯದೆ. ಬರೆಸಿದವರು ನನ್ನ ಗಂಡ, ಎಲ್ಲ ತಿಳಿದು. ಹೀಗೆಂದು ನಿಮ್ಮ ಹೆಸರು ಹೇಳಿದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಮದುವೆಯಲ್ಲಿ ಒಡಪು ಹೇಳಿಸಿದಾಗ ಬಿಟ್ಟರೆ ನಿನ್ನೆಯೇ. ಇನ್‌ಸ್ಪೆಕ್ಟರು ಹೇಳಿಕೆ ಬರೆದುಕೊಂಡು, ರುಜು ಹಾಕುತ್ತೀರಾ ಎಂದರು. ಹಾಕಿದೆ. ಗುರುಸಿದ್ದಮ್ಮನವರ ಕೆಲಸ ಉಳಿಯಿತು. ನಿಮ್ಮ ಮೇಲೆ ಏನು ಕ್ರಮವೋ ಅವರು ತಿಳಿಸುತ್ತಾರೆ.

ಮಕ್ಕಳು ಇನ್ನು ಯಳಂದೂರಿನಲ್ಲಿ ಓದುತ್ತಾರೆ. ನಮ್ಮಣ್ಣ ಒಪ್ಪಿದ್ದಾನೆ. ಕೊಳ್ಳೇಗಾಲ ಬೇರೆ ರಾಜ್ಯ, ಇದು ಮೈಸೂರಿನ ಸೀಮೆ, ಅಲ್ಲಿಯ ನಿಮ್ಮ ಶಿಫಾರಸು ಇಲ್ಲಿ ನಡೆಯುವುದಿಲ್ಲ. ಕರೆಯಲು ಯಾರನ್ನೂ ಕಳಿಸಬೇಡಿ.

ಇಂತಿ,
ಶಿವರತ್ನಮ್ಮ

ಮರೆತ ಮಾತು: ನಿನ್ನೆ ಬಸ್ಸಿನಲ್ಲಿ ಪುಟ್ಟಿ ಅಳುತ್ತಿದ್ದಳು. ಬೈಗುಳಕ್ಕೆ ಹೆದರಿದ್ದಾಳೆ ಎಂದುಕೊಂಡೆ. ಅದಲ್ಲವಂತೆ. ಆ ಕಾಗದ ಬರೆದು ಮುಗಿಸಿದಾಗ ನೀವು ಅವಳ ತಲೆ ಸವರಿ ಭೇಷ್ ಎಂದಿರಂತೆ. ನೀವು ಅವಳಿಗೆ ಹಾಗೆಂದದ್ದು ಅದೊಂದೇ ಸಲ. ಆ ಭೇಷ್ ಸುಳ್ಳಾ ಅವ್ವ ಎಂದು ಕೇಳುತ್ತಾಳೆ. ನೀವೇ ಅವಳಿಗೆ ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ, ಕೆಳಗೆ ಹೆಸರು ಹಾಕಿ.