ಗೇಟಿನವರೆಗೆ ಕೇಳಿಸುವ ಕಾರು

ಜನವರಿ 4, ಭಾನುವಾರ

ಎಲೆಕ್ಟ್ರಿಕ್ ಕಾರಿಗಾಗಿ ಮೂರನೇ ಶೋರೂಮೂ ಆಯಿತು. ನೀಲಿಯದು ಒಂದು ಚಾರ್ಜಿಗೆ ನಾನೂರ ಐವತ್ತು ಕಿಲೋಮೀಟರ್ ಅಂತಾರೆ — ಎಸಿ ಹಾಕಿದರೆ ಮುನ್ನೂರ ಅರವತ್ತು. ಬಿಳಿಯದು ಮುನ್ನೂರ ಎಂಬತ್ತು, ಡಿಕ್ಕಿ ದೊಡ್ಡದು. ಕೆಂಪು ಚಿಕ್ಕದು. ಇನ್ನೂರ ಮೂವತ್ತಷ್ಟೇ, ಸೀಟೂ ಗಟ್ಟಿ. ಮಗಳು ಅಕ್ಷಯಾ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿದ್ದಾಳೆ. ರೇಂಜ್, ಚಾರ್ಜಿಂಗ್ ಸಮಯ, ಪಿಕಪ್, ವಾರಂಟಿ. ಅಂಕ ಕೂಡಿದರೆ ನೀಲಿಯೇ ಫಸ್ಟ್.

ನಾನು ದಿನಾ ಓಡಿಸುವುದು ಚಾಮರಾಜಪೇಟೆಯ ಮನೆಯಿಂದ ಚಿಕ್ಕಪೇಟೆಯ ಅಂಗಡಿಗೆ. ಹೋಗಿ ಬರಲು ಆರು ಕಿಲೋಮೀಟರ್. "ಉಳಿದಿದ್ದನ್ನ ಏನ್ ಮಾಡ್ತೀರಿ?" ಅಂದಳು ಹೆಂಡತಿ ಮಾಧವಿ. ನಾನು ಮತ್ತೆ ರೇಂಜಿನ ಕಾಲಂ ನೋಡಿದೆ.

ಜನವರಿ 11, ಭಾನುವಾರ

ಟೆಸ್ಟ್ ಡ್ರೈವ್‌ನಲ್ಲಿ ನೀಲಿಯನ್ನು ಮನೆವರೆಗೆ ತಂದೆ. ಗೇಟಿನ ಮುಂದೆ ನಿಲ್ಲಿಸಿ ಕಾದೆ. ಅಮ್ಮ ಬರಲಿಲ್ಲ.

ಅಮ್ಮನ ಕಣ್ಣು ಹೋಗಿ ಎಂಟು ವರ್ಷ. ಹಳೇ ಡೀಸೆಲ್ ಗಾಡಿ ತಿರುವಿಗೆ ಬಂದ ಕೂಡಲೇ ಸದ್ದು ಹಿಡಿದು, ಗೋಡೆ ಸವರಿಕೊಂಡು ಬಂದು ಗೇಟು ತೆಗೆಯುವುದು ಅವಳ ಕೆಲಸ. ಬೇರೆ ಯಾರೂ ಮುಟ್ಟುವಂತಿಲ್ಲ. ಅಡುಗೆಮನೆ ನಾವೇ ಬಿಡಿಸಿದೆವು, ಹೂ ಕಟ್ಟುವುದನ್ನು ತಾನೇ ಬಿಟ್ಟಳು. ಉಳಿದಿದ್ದು ಇದೊಂದು. ಪಟ್ಟಿ ಮಾಡುವಾಗ ಇದು ನನ್ನ ತಲೆಗೆ ಹೊಳೆಯಲೇ ಇಲ್ಲ... ದಡ್ಡ.

ಒಳಗೆ ಹೋದರೆ ಬೆಚ್ಚಿಬಿದ್ದಳು. "ಯಾವಾಗ್ ಬಂದ್ಯೋ ಕೇದಾರ?"

"ಈಗಷ್ಟೇ. ಹೊಸ ಗಾಡೀಲಿ. ಅದು ಸದ್ದು ಮಾಡಲ್ಲಮ್ಮ."

"ಒಳ್ಳೇದೇ ಬಿಡು. ಗೇಟಿಗೂ ಎಂಥದೋ ಮೆಷಿನ್ ಬಂದಿದ್ಯಂತಲ್ಲ. ಹಾಕ್ಸ್ಬಿಡು."

ರಾತ್ರಿ ಅಕ್ಷಯಾಳಿಗೆ ಹೇಳಿದೆ.

ಜನವರಿ 18, ಭಾನುವಾರ, ಬೆಳಿಗ್ಗೆ 11

ಪಟ್ಟಿಗೆ ಹೊಸ ಕಾಲಂ — ‘ಅಜ್ಜಿ’. ಅಕ್ಷಯಾಳ ಐಡಿಯಾ. ಗೇಟಿನ ಪಕ್ಕ ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿದೆವು. ಮೂರೂ ಗಾಡಿ ತರಿಸಿ, ಒಂದೊಂದನ್ನೇ ತಿರುವಿನಿಂದ ಮೆಲ್ಲಗೆ ತಂದೆ. ಸೇಲ್ಸಿನವರು ಮುಖ ಮುಖ ನೋಡಿಕೊಂಡರು.

ನೀಲಿಗೆ, "ಇನ್ನೂ ಬಂದಿಲ್ವಾ?" ಬಂದು ನಿಂತಾಗಿತ್ತು.

ಬಿಳಿಗೆ, "ಯಾರ್ದೋ ಮನೆ ಫ್ರಿಡ್ಜು."

ಕೆಂಪಿಗೆ ಮಾತ್ರ, ನಿಧಾನ ಹೋಗುವಾಗ ನಡೆಯುವವರಿಗೆ ತಿಳಿಯಲಿ ಅಂತ ಒಂದು ಗುಂಯ್ ಸದ್ದು ಇಟ್ಟಿದ್ದಾರೆ. ಎರಡು ಮನೆ ಆಚೆ ಇರುವಾಗಲೇ ಅಮ್ಮ ತಲೆ ಎತ್ತಿದಳು. "ಇದು ಹಾಡ್ಕೊಂಡ್ ಬರ್ತಿದೆ ಕಣೋ."

ಪಟ್ಟಿಯಲ್ಲಿ ಕೆಂಪೇ ಲಾಸ್ಟ್. ಅದನ್ನೇ ಬುಕ್ ಮಾಡಿದೆ. ಆದರೆ ಕುರ್ಚಿಯಲ್ಲಿ ಕಿವಿಕೊಟ್ಟು ಕೂರುವುದು ಬೇರೆ, ನಡುಮನೆಯಿಂದ ಕೇಳಿಸಿಕೊಂಡು ಎದ್ದು ಬರುವುದು ಬೇರೆ. ಆ ಭಯ ಹೋಗಿಲ್ಲ.

ಫೆಬ್ರವರಿ 20, ಶುಕ್ರವಾರ, ಸಂಜೆ 7

ಬೆಳಿಗ್ಗೆ ಗಾಡಿ ಬಂತು. ಪೂಜೆ, ನಿಂಬೆಹಣ್ಣು, ಎಲ್ಲ ಆಯಿತು. ಸಂಜೆ ಅಂಗಡಿಯಿಂದ ಮೊದಲ ಸಲ ಅದರಲ್ಲಿ ಮನೆಗೆ. ಹಾರ್ನ್ ಹೊಡೆಯಬಾರದು ಅಂತ ತೀರ್ಮಾನ ಮಾಡಿದ್ದೆ. ತಿರುವಿನಲ್ಲಿ ಕಿಟಕಿ ಇಳಿಸಿ, ನಡೆಯುವವರಿಗಿಂತ ನಿಧಾನವಾಗಿ...

ಎರಡು ಮನೆ ಆಚೆ ಇರುವಾಗ ಚಿಲಕದ ಸದ್ದು ಕೇಳಿಸಿತು. ನಮ್ಮ ಗೇಟಿನ ಚಿಲಕ. ಹಳೇ ಗಾಡಿಯ ಗಲಾಟೆಯಲ್ಲಿ ಅದು ನನಗೆ ಒಂದು ದಿನವೂ ಕೇಳಿಸಿರಲಿಲ್ಲ. ಆಮೇಲೆ ಅಮ್ಮನ ದನಿ. ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. "ಬಂದ. ನನ್ನಪ್ಪ ಬಂದ. ಸದ್ಯ, ಬಂದ."

ಅಮ್ಮ ಕೈಕಾಲು ತೊಳೆಯಲು ಹೋದಾಗ ಮಾಧವಿಯನ್ನು ಕೇಳಿದೆ, ಗೇಟಲ್ಲಿ ಅಮ್ಮ ಏನ್ ಮಾಡ್ತಿದ್ಳು ಅಂತ.

"ಕುರ್ಚಿ ಗೇಟ್ ಹತ್ರಾನೇ ಇರ್ಲಿ ಅಂದ್ರು. ಆರು ಗಂಟೆಯಿಂದ ಅಲ್ಲೇ ಕೂತಿದ್ರು."

"ಅದಲ್ಲ. ಏನೋ ಹೇಳ್ಕೋತಿದ್ಳಲ್ಲ..."

"ದಿನಾ ಹೇಳೋದೇ ಅಲ್ವಾ ಅದು. ನಿಮಗೆ ಗೊತ್ತಿರ್ಲಿಲ್ವಾ?"

ದಿನಾ. ಇಷ್ಟು ವರ್ಷ. ನಾನು ಗಾಜು ಏರಿಸಿಕೊಂಡು ಒಳಗೆ ಕೂತು, ಗೇಟು ಬೇಗ ತೆಗೆಯಲಿ ಅಂತ ಎಂಜಿನ್ ರೇಸ್ ಮಾಡುತ್ತಿದ್ದೆ.

ಕಾಫಿಗೆ ಕರೆಯುತ್ತಿದ್ದಾಳೆ, ಅಮ್ಮನೇ. ನಾಳೆಯಿಂದ ತಿರುವಿನಲ್ಲೇ ಕಿಟಕಿ ಇಳಿಸಿ —